ದಫೇದಾರರ ಭಾನುವಾರದ ನಾಟಕ

ರೇಡಿಯೋದಲ್ಲಿ ಬರುತ್ತಿದ್ದ ಆ ಪೊಲೀಸ್ ನಾಟಕ ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ನಾನು ಮಿಡ್ಲ್ ಸ್ಕೂಲಿನಲ್ಲಿದ್ದಾಗ ಶುರುವಾದದ್ದು, ನನ್ನ ಪಿಯುಸಿ ಮುಗಿದರೂ ಅದು ಮುಗಿದಿರಲಿಲ್ಲ. ಪ್ರತಿ ಭಾನುವಾರ ಸಂಜೆ ಅರ್ಧ ಗಂಟೆ. ಬಂಗಲೆಯಾಗಲಿ ಗುಡಿಸಲಾಗಲಿ, ಕಿರುಗುಟ್ಟುವುದು ಅದೇ ಒಂದು ಬಾಗಿಲು. ಕಳ್ಳನೋ ಪಾಪ, ಇನ್ಸ್‌ಪೆಕ್ಟರು ಎರಡು ಪ್ರಶ್ನೆ ಕೇಳುವಷ್ಟರಲ್ಲಿ ತಾನಾಗಿಯೇ ಒಪ್ಪಿಕೊಂಡುಬಿಡುತ್ತಿದ್ದ.

ಅಪ್ಪ ಮದ್ದೂರು–ಮಳವಳ್ಳಿ ರಸ್ತೆಯ ಒಂದು ಹೊರಠಾಣೆಯಲ್ಲಿ ದಫೇದಾರರು. ಊರಿನ ಹೆಸರು ಬೇಡ. ಠಾಣೆಗೆ ಅಂಟಿಕೊಂಡೇ ನಮ್ಮ ಮನೆ. ವಾರವೆಲ್ಲ ಬನಿಯನ್ನಿನಲ್ಲೇ ಜನರ ದೂರು ಕೇಳುತ್ತಿದ್ದ ಮಹಾನುಭಾವರು, ನಾಟಕದ ಹೊತ್ತಿಗೆ ಮಾತ್ರ ಖಾಕಿ ಅಂಗಿ ತೊಟ್ಟು, ಕುತ್ತಿಗೆಯವರೆಗೆ ಗುಂಡಿ ಹಾಕಿಕೊಂಡು ಕೂರುತ್ತಿದ್ದರು. ರೇಡಿಯೋದ ಇನ್ಸ್‌ಪೆಕ್ಟರು ಇವರ ಅಂಗಿ ನೋಡಲು ಬರುತ್ತಾನೆ ಅಂತಲೋ ಏನೋ.

ಒಂದು ಭಾನುವಾರ ನಾಟಕ ಆಗಷ್ಟೇ ಶುರುವಾಗಿತ್ತು. ಪಕ್ಕದ ಹಳ್ಳಿಯ ರೈತನೊಬ್ಬ ಏದುಸಿರು ಬಿಡುತ್ತ ನಮ್ಮ ಬಾಗಿಲಿಗೆ ಬಂದ.

"ಬುದ್ದಿ, ನನ್ ಜೋಡೆತ್ತ ಲಾರಿಗೆ ಅತ್ತಿಸ್ಕಂಡು ಮಳವಳ್ಳಿ ಕಡೆ ಓಯ್ತಾವ್ರೆ. ಒಂದು ಫೋನ್ ಮಾಡುದ್ರೆ ಅಲ್ಲೇ ಇಡ್ಕತಾರೆ."

ಮರುದಿನ ಕಬ್ಬಿನ ಗಾಡಿಗೆ ಹೂಡಬೇಕಿದ್ದ ಎತ್ತುಗಳು. ಅವನ ಮನೆ ನಡೆಯುತ್ತಿದ್ದುದೇ ಅವುಗಳ ದುಡಿಮೆಯಿಂದ. ಫೋನು ಗೋಡೆಯಾಚೆ, ಹತ್ತು ಹೆಜ್ಜೆ. ಅಪ್ಪ ತಿರುಗಿಯೂ ನೋಡಲಿಲ್ಲ.

"ಇರಯ್ಯ, ಇನ್ನೇನು ಮುಗೀತದೆ."

ರೇಡಿಯೋದಲ್ಲಿ ಇನ್ಸ್‌ಪೆಕ್ಟರು ಸರ ಕಳೆದುಕೊಂಡ ಹೆಂಗಸಿಗೆ ಹೇಳುತ್ತಿದ್ದ: "ಗಾಬರಿಪಡಬೇಡಿ ತಾಯಿ. ಮೊದಲು ಕುಳಿತುಕೊಳ್ಳಿ, ನೀರು ಕುಡಿಯಿರಿ."

"ಪೋಲೀಸು ಅಂದ್ರೆ ಇಂಗಿರ್ಬೇಕು ಕಣಮ್ಮ" ಎಂದರು ಅಪ್ಪ ನನಗೆ. ಎಂಥ ನಾಚಿಕೆಗೇಡು! ಎತ್ತು ಕಳೆದುಕೊಂಡವನು ಹೆಗಲ ಟವೆಲ್ಲನ್ನು ಹಿಂಡುತ್ತ ಹೊಸ್ತಿಲಲ್ಲೇ ನಿಂತಿದ್ದ. ಅವನಿಗೆ ನೀರು ಕೊಡುವವರಿರಲಿಲ್ಲ. ಫೋನ್ ಮಾಡಲು ನನಗೂ ಬರುತ್ತಿತ್ತು. ಆದರೆ ಸರ ಕದ್ದವರು ಯಾರೆಂದು ನನಗೂ ತಿಳಿಯಬೇಕಿತ್ತು.

ಸರ ಸಿಕ್ಕಿತು. ಅಪ್ಪ ಎದ್ದು ಮೈ ಮುರಿದು ಠಾಣೆಗೆ ಹೋಗಿ ಫೋನ್ ಮಾಡಿದರು. ಅಂಥದೊಂದು ಲಾರಿ ಆಗಲೇ ಮಳವಳ್ಳಿ ದಾಟಿ ಹೋಯಿತೆಂದು ಆ ಕಡೆಯಿಂದ ಹೇಳಿದರು. ಅಪ್ಪ ವಾಪಸ್ ಬಂದು ಅದನ್ನು ಹೇಳಿದಾಗ ರೈತ ಬಯ್ಯಲಿಲ್ಲ, ಅಳಲಿಲ್ಲ. ರೇಡಿಯೋದತ್ತ ಕೈ ತೋರಿಸಿ ಕೇಳಿದ:

"ಆಗ ಮಾತಾಡ್ತಿದ್ರಲ್ಲ, ಆ ಇನ್ಸ್‌ಪೆಟ್ರು ಯಾವೂರ ಠಾಣೆಲವ್ರೆ ಬುದ್ದಿ? ಅಲ್ಗೇ ಓಯ್ತೀನಿ."

ಅವನ ಮುಖದಲ್ಲಿ ಕೊಂಕಿರಲಿಲ್ಲ. ನಿಜಕ್ಕೂ ಕೇಳುತ್ತಿದ್ದ.

"ಅದು ನಾಟ್ಕ ಕಣಯ್ಯ" ಎಂದರು ಅಪ್ಪ.

ಅವನು ನಂಬಲಿಲ್ಲ. "ಏಳಾಕೆ ಇಷ್ಟ ಇಲ್ದಿದ್ರೆ ಬುಡಿ" ಎಂದು ಟವೆಲ್ ಕೊಡವಿಕೊಂಡು ರಸ್ತೆಗಿಳಿದ.

ಮುಂದಿನ ಭಾನುವಾರ ಅಪ್ಪ ಮತ್ತೆ ಕುತ್ತಿಗೆಯವರೆಗೆ ಗುಂಡಿ ಹಾಕಿಕೊಂಡು ಕೂತರು. ರೇಡಿಯೋ ಹಾಕಿದವಳು ನಾನೇ.