ನೀಲಿ ಉರಿಯ ಚಹಾ

ಆಕೆಯ ಬಲಗೈಯ ಎರಡು ಬೆರಳ ತುದಿಗಳು ಯಾವಾಗಲೂ ಸುಟ್ಟು ಕಪ್ಪಾಗಿರುತ್ತಿದ್ದವು. ಒಲೆಯ ಕೊಳವೆಯಲ್ಲಿ ಗ್ಯಾಸು ನಿಧಾನವಾಗಿ ಬರುತ್ತಿತ್ತು. ಅದು ಬರುವವರೆಗೆ ಆಕೆ ಕಡ್ಡಿ ಗೀರಿ ಹಿಡಿದು ಕಾಯುತ್ತಿದ್ದಳು. ಬೆರಳಿಗೆ ಚುರುಕ್ಕೆಂದರೂ ಬಿಡುತ್ತಿರಲಿಲ್ಲ. ಒಂದೇ ಒಲೆಗೆ ಇನ್ನೊಂದು ಕಡ್ಡಿ ಯಾಕೆ ದಂಡ ಮಾಡಬೇಕು ಎಂಬುದು ಆಕೆಯ ವಾದ.

ಶಹಾಪುರದ ಹೊರಗೆ, ಊರಿನ ಚರಂಡಿ ನೀರೆಲ್ಲ ಬಂದು ಸೇರುವ ಶುದ್ಧೀಕರಣ ಘಟಕದಲ್ಲಿ ಆಕೆ ಆಪರೇಟರ್. ನಾನು ಪ್ರತಿ ಮಂಗಳವಾರ ಯಾದಗಿರಿಯಿಂದ ಬಸ್ಸಿನಲ್ಲಿ ಹೋಗಿ, ಬಾಟಲಿಗಳಲ್ಲಿ ನೀರು ತುಂಬಿಕೊಂಡು ಪರೀಕ್ಷೆಗೆ ತರುವವಳು. ಎಲ್ಲಿಗೆಂದು ಹೇಳಿದರೆ ಆಟೋದವರು ಅರ್ಧ ದಾರಿಗೇ ಇಳಿಸಿಬಿಡುತ್ತಿದ್ದರು. ಮುಂದೆ ಗುಡ್ಡದ ಕಡೆ ಮುಖ ಮಾಡಿ ನಡೆಯಬೇಕು. ಆ ಗುಡ್ಡ ಬುದ್ಧ ಮಲಗಿದ ಹಾಗೆ ಕಾಣುತ್ತದೆಂದು ಜನ ಎಲ್ಲೆಲ್ಲಿಂದಲೋ ನೋಡಲು ಬರುತ್ತಾರೆ. ಈಚೆ ಒಬ್ಬಳು ಹೆಂಗಸು ಕೂತಿದ್ದಾಳೆಂದು ಯಾರೂ ಬರುತ್ತಿರಲಿಲ್ಲ.

ಮಾಳಿಗೆಯ ಮೇಲೆ ಸೋಲಾರ್ ಫಲಕಗಳಿದ್ದವು. ಬಿಸಿಲೇರುವ ಮುಂಚೆ ಹಳೆಯ ಸೀರೆಯ ತುಂಡನ್ನು ಘಟಕದಲ್ಲೇ ತಿಳಿಯಾದ ನೀರಿನಲ್ಲಿ ಅದ್ದಿ ಆಕೆ ಅವುಗಳ ಧೂಳು ಒರೆಸುತ್ತಿದ್ದಳು. ತೊಟ್ಟಿಗೆ ಗಾಳಿ ಊದುವ ದೊಡ್ಡ ಯಂತ್ರವನ್ನು ಆದಷ್ಟೂ ಬಿಸಿಲಿನ ಕರೆಂಟಿನಲ್ಲೇ ಓಡಿಸುತ್ತಿದ್ದಳು. ಮೋಡ ಕವಿದರೆ ಸೂರ್ಯ ಡ್ಯೂಟಿ ತಪ್ಪಿಸಿದನೆಂದು ಬೈಯುತ್ತಿದ್ದಳು. “ಬಿಸಿಲು ಪುಕ್ಕಟ ಬರ್ತದ ಅಂತ ಹಾಳ ಮಾಡಬಾರದ್ರಿ,” ಎನ್ನುತ್ತಿದ್ದಳು. ಕೊಳೆತ ಕೆಸರಿನಿಂದ ಹುಟ್ಟುವ ಗ್ಯಾಸನ್ನೂ ಬಿಡದೆ ಹಿಡಿದು ಆಕೆಯ ಕೋಣೆಯ ಒಲೆಗೆ ಜೋಡಿಸಿದ್ದರು. ಒಲೆ ಸಣ್ಣದು, ಉರಿ ಅಚ್ಚ ನೀಲಿ.

ಮೊದಲ ದಿನ ನಾನು ಬಾಟಲಿ ತುಂಬಿಕೊಂಡು ಬಂದಾಗ ಮೇಜಿನ ಮೇಲೆ ಎರಡು ಕಪ್ಪು ಇದ್ದವು. “ಚಾ ಮಾಡೀನ್ರಿ ಮೇಡಂ. ಕುಡೀರಿ ಅನ್ನಂಗಿಲ್ಲ. ಮಾಡೀನಿ ಅಂತ ಹೇಳಾಕತ್ತೀನಿ,” ಎಂದಳು. ನಾನು ಕುಡಿದೆ. ದೊಡ್ಡ ಮನಸ್ಸಿನಿಂದೇನಲ್ಲ, ನಡೆದು ನಡೆದು ಗಂಟಲು ಒಣಗಿತ್ತು. ಯಾಲಕ್ಕಿ ಜಾಸ್ತಿ, ಸಕ್ಕರೆ ಅದಕ್ಕಿಂತ ಜಾಸ್ತಿ. ನುಂಗುತ್ತೇನೋ ಇಲ್ಲವೋ ಎಂದು ಆಕೆ ನನ್ನ ಗಂಟಲನ್ನೇ ನೋಡುತ್ತಿದ್ದಳು. ಆಮೇಲೆ ತನ್ನ ಕಪ್ಪು ಎತ್ತಿಕೊಂಡಳು.

“ದಿನಾ ಎರಡು ಕಪ್ಪು ಮಾಡ್ತೀಯೇನಕ್ಕಾ?” ಎಂದು ಕೇಳಿದೆ.

“ಹೌದ್ರಿ. ಯಾರರ ಬಂದ್ರ?”

“ಯಾರೂ ಬರದಿದ್ರ?”

“ಎರಡೂ ನಾನ ಕುಡೀತೀನ್ರಿ. ಚೆಲ್ಲಾಕ ಮನಸ್ಸ ಬರಂಗಿಲ್ಲ.”

ಅಂದಿನಿಂದ ಮಂಗಳವಾರದ ಹಾಲಿನ ಪ್ಯಾಕೆಟ್ಟು ನನ್ನದಾಯಿತು. ಬಸ್‌ಸ್ಟ್ಯಾಂಡಿನಲ್ಲಿ ಕೊಂಡು ಬ್ಯಾಗಿಗೆ ಹಾಕಿಕೊಳ್ಳುತ್ತಿದ್ದೆ. ಮೇಡಂ ಎನ್ನುವುದು ಹೋಗಿ ತಂಗಿ ಆಯಿತು. ಕೆಸರಿನ ಗ್ಯಾಸಿಗೆ ಜನ ಹೇಸುತ್ತಾರೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದು ಒಮ್ಮೆ ಸಮಾಧಾನ ಹೇಳಹೋದೆ. ಆಕೆ ನಕ್ಕಳು. “ಗ್ಯಾಸ್ ಬಂದಿದ್ದು ಮೊನ್ನಿ, ತಂಗಿ. ಮೊದಲ ಸೀಮೆಎಣ್ಣಿ ಸ್ಟೋವಿನ ಮ್ಯಾಲ ಮಾಡ್ತಿದ್ದೆ. ಆಗೂ ಯಾರೂ ಕುಡೀಲಿಲ್ಲ.” ಆಕೆಯ ಓಣಿ ಯಾವುದೆಂದು ಎಲ್ಲರಿಗೂ ಗೊತ್ತಿತ್ತು.

ಒಮ್ಮೆ ದೊಡ್ಡ ಸಾಹೇಬರು ಘಟಕ ನೋಡಲು ಬಂದರು. ಆಕೆ ಹೊಸ ಕಪ್ಪು ತರಿಸಿ, ಇಸ್ತ್ರಿ ಮಾಡಿದ ಸೀರೆ ಉಟ್ಟು, ಅಷ್ಟೂ ಜನಕ್ಕೆ ಚಹಾ ಮಾಡಿದಳು. ಸಾಹೇಬರು ಉರಿಯನ್ನು ಬಾಯಿ ತುಂಬ ಹೊಗಳಿದರು, ಒಲೆಯ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಆಮೇಲೆ ಕಾರಿನಲ್ಲಿ ತಂದಿದ್ದ ತಂಪು ಪಾನೀಯ ಕುಡಿದು ಹೊರಟರು. ತಟ್ಟೆಯ ಮೇಲಿನ ಕಪ್ಪುಗಳಲ್ಲಿ ಚಹಾ ಕೆನೆಗಟ್ಟುತ್ತಿತ್ತು. “ಬೆಂಕಿ ನೋಡಿ ಹೋದ್ರು, ತಂಗಿ,” ಎಂದಳು. ಅಂದು ನಾನು ಮೂರು ಕಪ್ಪು ಕುಡಿದೆ. ಸಂಜೆಯವರೆಗೆ ಎದೆಯುರಿ. ಸಾಹೇಬರಿಗೆ ಮನಸ್ಸಿನಲ್ಲೇ ಬೈದೆ.

ನನ್ನದೇನು ದೊಡ್ಡ ಸಂಸಾರವಲ್ಲ. ಯಾದಗಿರಿ ಸ್ಟೇಷನ್ನಿನ ಹತ್ತಿರ ಒಂದು ಬಾಡಿಗೆ ಕೋಣೆ. ಮುಂಬೈ ಕಡೆಗೂ ಚೆನ್ನೈ ಕಡೆಗೂ ರೈಲುಗಳು ಓಡಾಡುತ್ತವೆ, ಒಂದರಲ್ಲೂ ನನಗಾಗಿ ಯಾರೂ ಬಂದಿಳಿಯುವುದಿಲ್ಲ. ಉಂಡೆಯಾ ಎಂದು ಕೇಳುವವರಿರಲಿಲ್ಲ. ಮಂಗಳವಾರ ಮಾತ್ರ ಗೇಟಿನ ಬಳಿ ಒಬ್ಬಳು ನಿಂತಿರುತ್ತಿದ್ದಳು. ನಾನು ತಡವಾದರೆ “ಬಸ್ ತಪ್ಪಿತೇನ?” ಎಂದು ಸಿಟ್ಟು ಮಾಡುತ್ತಿದ್ದಳು. ಆ ಸಿಟ್ಟಿಗಾಗಿ ನಾನು ವಾರವಿಡೀ ಕಾಯುತ್ತಿದ್ದೆ.

ಹೋದ ಬೇಸಿಗೆಯಲ್ಲಿ ಒಂದು ಮಂಗಳವಾರ ಗೇಟು ತೆಗೆದವನು ಬೇರೊಬ್ಬ ಹುಡುಗ. “ಆಕಿ ಶನಿವಾರ ತೀರಿಕೊಂಡಳ್ರಿ. ಎದಿ ನೋವಂತ. ಮಗಳು ಕೆಂಭಾವಿಯಿಂದ ಬಂದು ಎಲ್ಲಾ ಮುಗಿಸಿ ಹೋದಳು,” ಎಂದ. ನನಗೆ ಯಾರೂ ಹೇಳಿ ಕಳಿಸಿರಲಿಲ್ಲ. ಯಾಕೆ ಕಳಿಸಿಯಾರು? ನಾನು ನೀರು ಒಯ್ಯಲು ಬರುವ ಮೇಡಂ ಅಷ್ಟೆ.

ಬಾಟಲಿ ತುಂಬಿಕೊಂಡೆ. ಒಲೆಯ ಮೇಲೆ ಆಗಲೇ ಧೂಳು ಕೂತಿತ್ತು. ಆ ಹುಡುಗ ಹೋಟೆಲಿನಿಂದ ಚಹಾ ತರಿಸುತ್ತೇನೆಂದ. ಬೇಡವೆಂದೆ. ನನ್ನ ಬ್ಯಾಗಿನಲ್ಲಿ ಹಾಲಿತ್ತು.

ಕಡ್ಡಿ ಗೀರಿ ಹಿಡಿದೆ. ಗ್ಯಾಸು ಬರಲಿಲ್ಲ. ಬೆರಳು ಸುಟ್ಟು ಕಡ್ಡಿ ಬಿಟ್ಟುಬಿಟ್ಟೆ. ಎರಡನೆಯ ಕಡ್ಡಿಗೆ ಉರಿ ಹತ್ತಿತು, ಅದೇ ಅಚ್ಚ ನೀಲಿ. ಯಾಲಕ್ಕಿ ಜಾಸ್ತಿ ಹಾಕಿ ಎರಡು ಕಪ್ಪಿಗೆ ಬಗ್ಗಿಸಿ, ಒಂದನ್ನು ಹುಡುಗನ ಕಡೆ ಸರಿಸಿದೆ.

“ಬ್ಯಾಡ್ರಿ ಮೇಡಂ, ನನಗ ಆ ಗ್ಯಾಸಿಂದು ಆಗಿ ಬರಂಗಿಲ್ಲ,” ಎಂದು ಹೊರಗೆ ಹೋದ.

ಕಪ್ಪು ತಣ್ಣಗಾಗುವವರೆಗೆ ಗೇಟಿನ ಕಡೆ ನೋಡುತ್ತ ಕೂತೆ. ಚೆಲ್ಲಲು ಮನಸ್ಸು ಬರಲಿಲ್ಲ. ಎರಡೂ ನಾನೇ ಕುಡಿದೆ.