ಕ್ಲಚ್ ಪ್ಲೇಟೂ ಒಂದು ಮುರುಕು ಮೊಳೆಯೂ

ನನ್ನ ಬಾಯಿ ಸುಮ್ಮನಿರುವುದಲ್ಲ. ಬ್ಯಾಂಕಿನವರು ನನ್ನನ್ನು ಗದಗಿನಿಂದ ಕೊಚ್ಚಿಗೆ ವರ್ಗ ಮಾಡಿ ಇನ್ನೂ ವರ್ಷ ತುಂಬಿರಲಿಲ್ಲ, ಮಲಯಾಳ ನಾಲಿಗೆಗೆ ಹತ್ತಿರಲಿಲ್ಲ. ಅಷ್ಟರಲ್ಲೇ ಯಾರದೋ ಹಳೇ ಟ್ರ್ಯಾಕ್ಟರಿನ ಉಸಾಬರಿಯನ್ನು ಮೈಮೇಲೆ ಎಳೆದುಕೊಂಡೆ.

ಕೊಚ್ಚಿಯ ಎಡಪ್ಪಳ್ಳಿಯಲ್ಲಿ ನಮ್ಮದು ಮಹಡಿಯ ಬಾಡಿಗೆ ಮನೆ. ಕೆಳಗಿನ ಮನೆಯಲ್ಲಿ ಅರವತ್ತು ದಾಟಿದ ಹೆಂಗಸೊಬ್ಬರಿದ್ದರು. ಓಣಿಯವರೆಲ್ಲ ಅನ್ನುವಂತೆ ನಾನೂ ಅವರನ್ನು ಚೇಚಿ, ಅಂದರೆ ಅಕ್ಕ, ಅನ್ನುತ್ತಿದ್ದೆ. ಅವರು ಮಾತ್ರ ನನ್ನನ್ನು ಮೇಡಂ ಅನ್ನುತ್ತಿದ್ದರು. ಬೇಡವೆಂದರೂ ಮೇಡಂ. ಮೀನಿನ ಸಾರು ಕುದಿಯುವಾಗ ಮೇಡಂಗೆ ವಾಸನೆ ಹೋಗದಿರಲಿ ಎಂದು ತಮ್ಮ ಕಿಟಕಿಯನ್ನು ಮುಚ್ಚಿಕೊಂಡು ಹೊಗೆಯಲ್ಲಿ ಕೆಮ್ಮುತ್ತಿದ್ದರು. ನನ್ನ ಗಂಡನ ಕೆಲಸ ತಿರುವನಂತಪುರದ ಬಾಹ್ಯಾಕಾಶ ಸಂಸ್ಥೆಯೊಂದರಲ್ಲಿ. ಶನಿವಾರ ಬಂದರೆ ಸೋಮವಾರ ಬೆಳಿಗ್ಗೆ ರೈಲು. ಉಳಿದ ದಿನ ಆ ಮನೆಯಲ್ಲಿ ನಾನೊಬ್ಬಳೇ. ನನಗೆ ಬೇಕಾಗಿದ್ದದ್ದು ಮರ್ಯಾದೆಯಲ್ಲ, ಮಾತಾಡಲು ಒಂದು ಜೀವ.

ಚೇಚಿ ಮತ್ತು ಅವರ ಗೆಳತಿಯರು ಏಲೂರಿನಾಚೆ ಒಂದು ಪಾಳು ಗದ್ದೆಯನ್ನು ಗೇಣಿಗೆ ಹಿಡಿದಿದ್ದರು. ಹಿಂದಿನ ವರ್ಷ ಬಾಡಿಗೆ ಟ್ರ್ಯಾಕ್ಟರು ಬರುವಷ್ಟರಲ್ಲಿ ಮಳೆ ಬಂದು, ಗದ್ದೆ ಕೆರೆಯಾಗಿ, ಒಂದು ಕಾಳೂ ಬೀಳಲಿಲ್ಲ. ಈ ಸಲವೂ ಮಳೆಗೆ ಮುಂಚೆ ಉತ್ತು ಬಿತ್ತದಿದ್ದರೆ ಮಣ್ಣು ತುಂಬಿಸಿ ಲಾರಿ ನಿಲ್ಲಿಸುವವರಿಗೆ ಕೊಟ್ಟುಬಿಡುತ್ತೇನೆ ಎಂದು ಗದ್ದೆಯ ಮಾಲೀಕ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ. ಗದ್ದೆಯ ಕೊಟ್ಟಿಗೆಯಲ್ಲಿ ಅವನ ಅಪ್ಪನ ಕಾಲದ ಟ್ರ್ಯಾಕ್ಟರೊಂದಿತ್ತು, ನನಗಿಂತ ವಯಸ್ಸಿನಲ್ಲಿ ದೊಡ್ಡದು. ಬಾಡಿಗೆಯವರನ್ನು ಕಾಯುವ ಗೋಳೇ ಬೇಡವೆಂದು ಚೇಚಿ ಅದನ್ನು ಓಡಿಸಲು ಕಲಿತಿದ್ದರು.

ಒಂದು ಸಂಜೆ ನಾನು ಬ್ಯಾಂಕಿನಿಂದ ಬಂದಾಗ ಅವರು ಕಾಲಿನ ಮಣ್ಣನ್ನೂ ತೊಳೆಯದೆ ಮೆಟ್ಟಿಲ ಮೇಲೆ ಕೂತಿದ್ದರು.

"ಕ್ಲಚ್ ಪೋಯಿ, ಮೇಡಂ."

ಪೋಯಿ ಅಂದರೆ ಹೋಯಿತು. ಅದಕ್ಕೆ ಯಾರ ಅನುವಾದವೂ ಬೇಕಿರಲಿಲ್ಲ. ಎಂಜಿನ್ ಅರಚುತ್ತದೆ, ಗಾಡಿ ಕದಲುವುದಿಲ್ಲ, ಸುಟ್ಟ ವಾಸನೆ. ಬಂದು ನೋಡಿದ ಮೆಕ್ಯಾನಿಕ್ಕುಗಳೆಲ್ಲ ಇದರ ಸಾಮಾನು ಈಗ ಸಿಗುವುದಿಲ್ಲ, ಗುಜರಿಗೆ ಹಾಕಿ ಎಂದು ಹೋಗಿದ್ದರು. ಚೇಚಿಯ ಮುಖ ನೋಡಲಾಗದೆ ನನ್ನ ಬಾಯಿಂದ "ಞಾನ್ ನೋಕ್ಕಾಂ" ಎಂದು ಬಂದೇಬಿಟ್ಟಿತು. ನಾನು ನೋಡುತ್ತೇನೆ ಎಂದು.

ಸುಮ್ಮನೆ ಕೊಚ್ಚಿಕೊಂಡ ಮಾತಲ್ಲ ಅದು. ಗದಗಿನಲ್ಲಿ ನಮ್ಮಪ್ಪನದು ಟ್ರ್ಯಾಕ್ಟರ್ ಸ್ಪೇರ್ ಪಾರ್ಟ್ಸಿನ ಅಂಗಡಿ, ಹಿಂದುಗಡೆಯೇ ರಿಪೇರಿ ಶೆಡ್ಡು. ಶಾಲೆ ಬಿಟ್ಟರೆ ನಾನು ಅಲ್ಲೇ. ಸವೆದ ಪ್ಲೇಟು ನೋಡಿ ಅದರ ಮಾಲೀಕ ಹೇಗೆ ಗಾಡಿ ಓಡಿಸುತ್ತಾನೆಂದು ಹೇಳುವುದು ಅಪ್ಪನಿಗೂ ನನಗೂ ಒಂದು ಆಟವಾಗಿತ್ತು. ಆಮೇಲೆ ಬ್ಯಾಂಕು ಸೇರಿದೆ, ಕೈಗೆ ಗ್ರೀಸು ಹತ್ತುವುದು ನಿಂತಿತು.

ಫೋನಿನಲ್ಲಿ ಗಂಡ ಹೌಹಾರಿದರು. "ಬ್ಯಾಂಕಿನ್ಯಾಗ ಕುಂದ್ರೋದು ಬಿಟ್ಟು ಟ್ರ್ಯಾಕ್ಟರ್ ಸೀಳಾಕ ಹೊಂಟೀ ಏನ ನೀ?"

"ಹೌದ್ರಿ. ಶನಿವಾರ ಬರುವಾಗ ಒಂದು ಹಳೇ ಅಂಗಿ ತರ್ರಿ, ನಿಮಗೂ ಕೆಲಸ ಐತಿ."

ಸೀಳುವುದು ಎಂದರೆ ಸೀಳುವುದೇ. ಇಂಥ ಹಳೇ ಟ್ರ್ಯಾಕ್ಟರಿನ ಕ್ಲಚ್ಚು ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಅಡಗಿರುತ್ತದೆ. ಅದನ್ನು ಮುಟ್ಟಬೇಕಾದರೆ ಗಾಡಿಯ ನಡುವನ್ನೇ ಬಿಚ್ಚಿ ಎರಡು ಹೋಳು ಮಾಡಬೇಕು. ಶನಿವಾರ ಗದ್ದೆಯ ಕೊಟ್ಟಿಗೆಯಲ್ಲಿ, ಮುಂದಿನ ಹೋಳು ಮಗುಚದಂತೆ ಆಕ್ಸಲಿನ ಎರಡೂ ಬದಿಗೆ ಮರದ ಬೆಣೆ ಹೊಡೆದೆವು, ಎಂಜಿನ್ನಿನ ಕೆಳಗೆ ದಿಮ್ಮಿ ಪೇರಿಸಿದೆವು. ಜ್ಯಾಕಿನ ಮೇಲೆ ಕೂತಿದ್ದ ಹಿಂದಿನ ಹೋಳನ್ನು ಗಂಡ ಇಷ್ಟಿಷ್ಟೇ ಹಿಂದಕ್ಕೆ ಸರಿಸಿದರು. ಪ್ಲೇಟು ಕೈಗೆ ಬಂತು. ಹಿಡಿತ ಕೊಡುವ ಲೈನಿಂಗು ಪೂರಾ ಸವೆದು ರಿವೆಟ್ಟುಗಳ ತಲೆಗಳು ಹೊರಗೆ ಬಂದಿದ್ದವು.

ನಾನು ಅದನ್ನು ತಿರುಗಿಸಿ ನೋಡಿ, ಚೇಚಿ ಕ್ಲಚ್ ಪೆಡಲಿನ ಮೇಲಿಂದ ಕಾಲು ತೆಗೆಯುವುದೇ ಇಲ್ಲ ಅಂದೆ. ತಿರುವನಂತಪುರದಲ್ಲಿದ್ದು ಮಲಯಾಳ ಕಲಿತಿದ್ದ ಗಂಡ ಅದನ್ನು ಅವರ ಭಾಷೆಯಲ್ಲಿ ಹೇಳಿದಾಗ ಚೇಚಿ ನಾಲಿಗೆ ಕಚ್ಚಿಕೊಂಡರು.

ಹೊಸ ಪ್ಲೇಟು ಸಿಗದಿದ್ದರೇನು, ಹಳೆಯದಕ್ಕೇ ಹೊಸ ಲೈನಿಂಗ್ ಹಾಕಿಸಬಹುದಲ್ಲ. ಅದನ್ನು ಮಾಡಿಕೊಡುವ ಅಂಗಡಿ ತಿರುವನಂತಪುರದ ಚಾಲೈ ಪೇಟೆಯಲ್ಲಿದೆ ಎಂದು ಗಂಡನ ಸಹೋದ್ಯೋಗಿಯೊಬ್ಬರು ಹೇಳಿದರು. ಸೋಮವಾರ ಪ್ಲೇಟು ಟವೆಲಿನಲ್ಲಿ ಸುತ್ತಿಕೊಂಡು, ಊಟದ ಡಬ್ಬಿಯ ಚೀಲದಲ್ಲಿ ಕೂತು ರೈಲು ಹತ್ತಿತು. ಇವರು ನೇರ ಆಫೀಸಿಗೆ ಹೋದರು. ಗೇಟಿನ ಕಾವಲಿನವನು ಚೀಲ ಬಿಚ್ಚಿ ಗಾಬರಿಯಾದ. ಒಳಗಿನ ಸಾಮಾನು ಹೊರಗೆ ಹೋಗದಂತೆ ನೋಡುವುದು ಅವನ ಕೆಲಸ, ಹೊರಗಿನ ಕಬ್ಬಿಣ ಒಳಗೆ ಬಂದರೆ ಏನು ಮಾಡಬೇಕೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಸಂಜೆಯವರೆಗೂ ಪ್ಲೇಟು ಅವನ ಕುರ್ಚಿಯ ಕೆಳಗೇ ಇತ್ತು.

ಮುಂದಿನ ಶನಿವಾರ ಅದು ಹೊಸ ಲೈನಿಂಗು ತೊಟ್ಟು, ಒಣಶುಂಠಿಯ ಘಮದೊಂದಿಗೆ ವಾಪಸಾಯಿತು. ಅಂಗಡಿ ಮಸಾಲೆ ಮಂಡಿಯ ಪಕ್ಕದಲ್ಲೇ ಇತ್ತಂತೆ. ಅಷ್ಟರಲ್ಲಿ ಕೊಚ್ಚಿಯ ಆಕಾಶ ಕಪ್ಪಗಾಗತೊಡಗಿತ್ತು. ಗದ್ದೆಯ ಬದುವಿನ ಮೇಲೆ ನಿಂತರೆ ದೂರದ ಕಾರ್ಖಾನೆಯ ಚಿಮಣಿಗಳ ಹೊಗೆ ಯಾವುದು, ಮೋಡ ಯಾವುದು ತಿಳಿಯುತ್ತಿರಲಿಲ್ಲ. ಚೇಚಿ ಒಂದೇ ಸಮನೆ ಮೇಲೆ ನೋಡುತ್ತಿದ್ದರು.

ಪ್ಲೇಟನ್ನು ಎಂಜಿನ್ನಿಗೆ ಕೂರಿಸಿದೆ. ನಡುವಿನ ತೂತಿಗೆ ಮರದ ಗೂಟ ತೂರಿಸಿ ನೇರ ಮಾಡಿಕೊಂಡು, ಮೇಲಿನ ಕವಚವನ್ನು ಬಿಗಿದು ಗೂಟ ಹೊರತೆಗೆದೆ. ಈಗ ಎರಡು ಹೋಳನ್ನು ಕೂಡಿಸಬೇಕು. ಗಂಡ ಹಿಂದಿನಿಂದ ತಳ್ಳುತ್ತಿದ್ದರು. ಚೇಚಿ ಬಗ್ಗಿ ಸಂದಿಯೊಳಗೆ ಕಣ್ಣಿಟ್ಟಿದ್ದರು. ನಾನು ಬೋಲ್ಟು, ಪಾನಾ ಹಿಡಿದು ಕಾದಿದ್ದೆ. ಸಂದಿ ಒಂದು ಬೆರಳಷ್ಟಾಯಿತು. ಬೋಲ್ಟು ತೂರಿಸಿ ಎರಡು ಸುತ್ತು ತಿರುಗಿಸಿದ್ದೆ, ಚೇಚಿ ಒಮ್ಮೆಲೇ ಕೂಗಿದರು.

"ಮುರುಕ್ಕ್, ಮೋಳೇ! ಮುರುಕ್ಕ್!"

ಮುರುಕು ಮೊಳೆ! ಒಳಗೆ ಏನೋ ಮುರಿದಿದೆ.

"ರೀ, ತಳ್ಳಬ್ಯಾಡ್ರಿ! ಹಿಂದಕ್ಕ ಎಳೀರಿ, ಒಳಗ ಮೊಳಿ ಮುರದೈತಿ!"

ಬೋಲ್ಟು ಕಿತ್ತೆ. ಇವರು ಹಿಂದಕ್ಕೆ ಎಳೆದರು. ಅಷ್ಟು ಹೊತ್ತಿನ ಶ್ರಮ ಬಾಯ್ಬಿಟ್ಟು ನಿಂತಿತು. ಚೇಚಿ ತಲೆಯ ಮೇಲೆ ಕೈಹೊತ್ತು ಕೂತರು. ಏನು ಮುರಿಯಿತು ಎಂದು ಇವರು ಅವರನ್ನು ಕೇಳಿದರು. ಏನೂ ಮುರಿದಿಲ್ಲ, ಸರಿಯಾಗಿ ಕೂರುತ್ತಿತ್ತು ಎಂದು ಚೇಚಿ ಅಳುವ ದನಿಯಲ್ಲಿ ಹೇಳಿದರು. ಆಮೇಲೆ ಇವರಿಗೆ ನಗು ಶುರುವಾಗಿದ್ದು ನಿಲ್ಲಲೇ ಇಲ್ಲ.

"ಏ ಹುಚ್ಚಿ, ಮುರುಕ್ಕ್ ಅಂದ್ರ ಬಿಗಿ ಮಾಡು ಅಂತ. ಮೋಳೇ ಅಂದ್ರ ಮಗಳೇ ಅಂತ!"

ನನಗೆ ಸಿಟ್ಟು ನೆತ್ತಿಗೇರಿತು. ಯಾರ ಮೇಲೆಂದು ಮಾತ್ರ ತಿಳಿಯಲಿಲ್ಲ. ಮುರಿದಿಲ್ಲ ಅಂದ ಮಾತ್ರಕ್ಕೆ ನಂಬುವವಳೂ ನಾನಲ್ಲ. ಟಾರ್ಚು ಕಸಿದುಕೊಂಡು ಸಂದಿಯೊಳಗೆ ಬೆಳಕು ಬಿಟ್ಟೆ. ಮುರಿದ ಮೊಳೆ ಕಾಣಲಿಲ್ಲ. ಪ್ಲೇಟಿನ ನಡುಭಾಗ ಕಂಡಿತು. ಅದರ ಒಂದು ಮಗ್ಗುಲು ಚಪ್ಪಟೆ, ಇನ್ನೊಂದು ಉಬ್ಬು. ಉಬ್ಬು ಗೇರ್‌ಬಾಕ್ಸಿನ ಕಡೆ ಇರಬೇಕಿತ್ತು. ನನ್ನ ಕಣ್ಣೆದುರಿಗೆ ಚಪ್ಪಟೆ ಮಗ್ಗುಲಿತ್ತು. ನಾನೇ ಸೀಮೆಸುಣ್ಣದಲ್ಲಿ ಹಾಕಿದ್ದ ಗುರುತು ಚಾಲೈಯಲ್ಲಿ ಉಜ್ಜಿ ತೊಳೆದಾಗ ಹೋಗಿತ್ತು, ನಾನು ಅಂದಾಜಿನ ಮೇಲೆ ಕೂರಿಸಿದ್ದೆ.

"ರೀ, ನಗೋದು ಸಾಕು. ಪ್ಲೇಟು ಉಲ್ಟಾ ಐತಿ."

ನಗು ನಿಂತಿತು. ಹಾಗೇ ಬಿಗಿದಿದ್ದರೆ ಪೆಡಲು ಒತ್ತಿದರೂ ಕ್ಲಚ್ಚು ಬಿಡುತ್ತಲೇ ಇರಲಿಲ್ಲ. ಮತ್ತೆ ಎಲ್ಲವನ್ನೂ ಬಿಚ್ಚಿ ಸೀಳಬೇಕಿತ್ತು, ಅಷ್ಟರಲ್ಲಿ ಮಳೆ ಗದ್ದೆಯನ್ನು ನುಂಗಿರುತ್ತಿತ್ತು. ಇವರು ಚೇಚಿಗೆ ವಿವರಿಸಿದರು. ಚೇಚಿ ನನ್ನ ಮುಖವನ್ನೇ ನೋಡುತ್ತಾ ಎದ್ದು ಬಂದು, ಸೆರಗಿನಿಂದ ನನ್ನ ಹಣೆಯ ಗ್ರೀಸು ಒರೆಸಿದರು.

ಪ್ಲೇಟು ತಿರುಗಿಸಿ ಹಾಕಿದೆ. ಹೋಳುಗಳು ಮತ್ತೆ ಹತ್ತಿರ ಬಂದವು. ಚೇಚಿ ಈ ಸಲ ಕೂಗಲಿಲ್ಲ, ನನ್ನ ಕಿವಿಯ ಹತ್ತಿರ ಬಂದು ಮೆಲ್ಲಗೆ, "ಮುರುಕ್ಕ್, ಮೋಳೇ" ಅಂದರು. ನಾನು ಬಿಗಿದೆ. ಕಣ್ಣಲ್ಲಿ ನೀರು ಬಂದಿತ್ತು, ಬೆವರೆಂದು ಒರೆಸಿಕೊಂಡೆ. ಅಮ್ಮ ಹೋದ ಮೇಲೆ ನನ್ನನ್ನು ಯಾರೂ ಹಾಗೆ ಕರೆದಿರಲಿಲ್ಲ.

ಮರುದಿನವೇ ಚೇಚಿ ಗದ್ದೆಗೆ ಟ್ರ್ಯಾಕ್ಟರು ಇಳಿಸಿದರು. ಪೆಡಲಿನಿಂದ ಕಾಲು ತೆಗೆದಿದ್ದಾರೋ ಇಲ್ಲವೋ ಎಂದು ನಾನು ಬದುವಿನ ಮೇಲಿಂದ ನೋಡುತ್ತಿದ್ದೆ, ಅವರು ಬೇಕೆಂದೇ ಕಾಲೆತ್ತಿ ತೋರಿಸುತ್ತಿದ್ದರು. ಬಿತ್ತಿ ಮುಗಿಸಿದ ಮೇಲೆ ಮಳೆ ಬಂತು. ಪೈರು ಗೇಣುದ್ದ ಎದ್ದಾಗ ಮಾಲೀಕ ಬಂದು ಬದುವಿನ ಮೇಲೆ ಬಹಳ ಹೊತ್ತು ನಿಂತ. ಲಾರಿಯ ಮಾತೆತ್ತಲಿಲ್ಲ. ಅಪ್ಪನ ಗಾಡಿ ರಿಪೇರಿ ಮಾಡಿದವರು ಯಾರು ಎಂದು ಕೇಳಿದ. ಚೇಚಿ ನನ್ನ ಕಡೆ ಕೈ ತೋರಿಸಿ, "ನಮ್ಮಡೆ ಮೋಳಾ" ಅಂದರು. ನಮ್ಮ ಮಗಳು. ಆ ಮಾತಿನ ಅರ್ಥಕ್ಕೆ ನಾನು ಗಂಡನ ಮುಖ ನೋಡಬೇಕಾಗಲಿಲ್ಲ.

ಕೆಳಗಿನ ಮನೆಯಲ್ಲಿ ಈಗಲೂ ಮೀನಿನ ಸಾರು ಕುದಿಯುತ್ತದೆ. ಕಿಟಕಿ ತೆರೆದೇ ಇರುತ್ತದೆ.