ಹಿಟ್ಟು ಕಲಸದ ಈಸ್ಟರ್

ಆ ದಿನಗಳಲ್ಲಿ ಗಜೇಂದ್ರಗಡದ ನಮ್ಮ ಕ್ರೈಸ್ತ ಸಭೆಯಲ್ಲಿ ಜಗಳಕ್ಕೂ ಒಂದು ಗಡುವು ಇರುತ್ತಿತ್ತು. ಎಂಥ ಜಗಳವಾದರೂ, ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಿರಸ ಹಂಚಿಕೊಳ್ಳುವ ಕರ್ತನ ಭೋಜನದ ಹಿಂದಿನ ಶನಿವಾರದೊಳಗೆ ಮುಗಿಯಲೇಬೇಕು. ರೋಣ, ನರಗುಂದ, ಗಜೇಂದ್ರಗಡ ಮೂರೂ ಊರಿಗೆ ಒಬ್ಬರೇ ಸಭಾಪಾಲಕರು. ಹಳೆಯ ಸ್ಕೂಟರಿನಲ್ಲಿ ಸುತ್ತುತ್ತಿದ್ದರು. ನಮ್ಮ ಪಾಳಿ ತಿಂಗಳಿಗೊಮ್ಮೆ ಬರುತ್ತಿತ್ತು. ಸಭೆಯೆಂದರೆ ಬೆರಳೆಣಿಕೆಯ ಮನೆಗಳು, ತಗಡು ಹೊದಿಸಿದ ಒಂದು ಕೋಣೆ, ಪಕ್ಕದಲ್ಲೇ ಮಗ್ಗಗಳ ಓಣಿ. ರವಿವಾರವೂ ಮಗ್ಗ ನಿಲ್ಲುತ್ತಿರಲಿಲ್ಲ. ನಮ್ಮ ಹಾಡಿಗೆ ತಾಳ ಅವೇ ಹಾಕುತ್ತಿದ್ದವು, ಅದೂ ತಪ್ಪು ತಪ್ಪಾಗಿ.

ಭೋಜನದ ರೊಟ್ಟಿ ಮಾಡುವವಳು ನಮ್ಮ ಅಜ್ಜಿ. ಉಪ್ಪಿಲ್ಲ, ಎಣ್ಣೆಯಿಲ್ಲ, ಬರೀ ಗೋಧಿ ಹಿಟ್ಟಿನ ದಪ್ಪ ಚಪಾತಿ. ರಸಕ್ಕೆ ಕರಿ ದ್ರಾಕ್ಷಿ ನೆನೆಹಾಕಿ, ಕಿವುಚಿ, ಬಟ್ಟೆಯಲ್ಲಿ ಸೋಸುತ್ತಿದ್ದಳು. ಆದರೆ ಹಿಟ್ಟಿಗೆ ಕೈ ಹಾಕುವ ಮುಂಚೆ ಮನೆಮನೆಗೆ ಒಂದು ಸುತ್ತು ಹಾಕುವುದು ಅವಳ ಪದ್ಧತಿ. ಕಾಣಿಕೆ ಕೊಡಲು ಹೋದಾಗ ಯಾರದಾದರೂ ಮನಸ್ತಾಪ ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ರಾಜಿಯಾಗು ಎಂದು ಯೇಸುಸ್ವಾಮಿ ಹೇಳಿದ್ದಾನಲ್ಲ, ಅಜ್ಜಿ ಅದನ್ನು ಅಕ್ಷರಶಃ ಹಿಡಿದಿದ್ದಳು.

"ಯಾರ ಮ್ಯಾಲರ ಸಿಟ್ಟೈತೇನವಾ?" ಎಂದು ಹೊಸ್ತಿಲಲ್ಲೇ ಕೇಳುವಳು.

"ಇಲ್ರಿ ಅಮ್ಮಾರ."

"ಇಲ್ಲಂದ್ರ ನಿನ್ನಿ ನಳದ ಹಂತ್ಯಾಕ ಆಕೀ ಬಂದಾಗ ಮಾರಿ ಯಾಕ ತಿರುವಿದಿ?"

ಅಷ್ಟಾದರೆ ಮುಗಿಯಿತು. ಇಬ್ಬರನ್ನೂ ಕರೆಸಿ ಕೂರಿಸಿ, ಚಹಾ ಕುಡಿಸಿ, ಅಳಿಸಿ, ನಗಿಸಿದ ಮೇಲೆಯೇ ಅವಳು ಅಲ್ಲಿಂದ ಏಳುತ್ತಿದ್ದುದು. ಹೊತ್ತಾಯಿತೆಂದು ಅವ್ವ ಗೊಣಗಿದರೆ, "ಮೊದಲ ಮಂದಿ ಕೂಡ್ಲಿ, ಆಮ್ಯಾಲ ಹಿಟ್ಟು ಕಲಸ್ತೀನಿ" ಎನ್ನುತ್ತಿದ್ದಳು. ನಾನೂ ದೊಡ್ಡಪ್ಪನ ಮಗಳು ಸಾರಾಳೂ ಅವಳ ಸೆರಗು ಹಿಡಿದು ತಿರುಗುತ್ತಿದ್ದೆವು. ಜಗಳ ಬಿಡಿಸಿದ ಮನೆಯಲ್ಲಿ ಚುರಮರಿಯೋ ಶೇಂಗಾ ಉಂಡೆಯೋ ಸಿಗುವುದು ಖಾತ್ರಿ. ಹಾಗಾಗಿ ಮಂದಿ ಜಗಳಾಡಲಿ ಎಂದು ನಾವಿಬ್ಬರೂ ಒಳಗೊಳಗೇ ಪ್ರಾರ್ಥಿಸುತ್ತಿದ್ದೆವು.

ಆ ಬೇಸಿಗೆ ಜಗಳ ನಮ್ಮ ಮನೆಗೇ ಬಂತು.

ಅಪ್ಪ ದಾನಿಯೇಲ ಸಾಲಿ ಮಾಸ್ತರ, ಸಭೆಯ ಹಿರಿಯನೂ ಹೌದು. ತಪ್ಪು ಕಂಡರೆ ಕೆಂಪು ಗೆರೆ ಎಳೆಯದೆ ಅವನಿಗೆ ಊಟ ಸೇರುತ್ತಿರಲಿಲ್ಲ. ಅವನ ಅಣ್ಣ, ಮಗ್ಗ ನೇಯುವ ಯೋಹಾನ ದೊಡ್ಡಪ್ಪ, ಗೋಡೆಯಾಚೆ ಇದ್ದ. ದೊಡ್ಡವ್ವನಿಗೆ ಜ್ವರ ಬಂದು ಬಿಡಲೊಲ್ಲದಾಗ ಹಿಂದಿನ ಮನೆಯ ಖಾತೂನಬಿ ದರ್ಗಾದಿಂದ ಒಂದು ತಾಯತ ತಂದು ಅವಳ ತೋಳಿಗೆ ಕಟ್ಟಿದಳು. ದೊಡ್ಡವ್ವನೂ ಅವಳೂ ಮಕ್ಕಳನ್ನು ಹೆತ್ತದ್ದು, ಸಾಕಿದ್ದು ಜೊತೆಯಲ್ಲೇ. ದೊಡ್ಡಪ್ಪ ಬೇಡ ಎನ್ನಲಿಲ್ಲ. ಜ್ವರ ಇಳಿಯಿತು, ತಾಯತ ಅಲ್ಲೇ ಉಳಿಯಿತು.

ಅದು ಅಪ್ಪನ ಕಣ್ಣಿಗೆ ಬಿತ್ತು. ಮರುದಿನ ರವಿವಾರ. ಪ್ರಕಟಣೆ ಓದಲು ಎದ್ದು ನಿಂತವನು, "ನಮ್ಮ ಸಭಾದಾಗ ಒಂದು ಮನಿಯೊಳಗ ತಾಯತ ಬಂದೈತಿ. ಎರಡು ದೋಣ್ಯಾಗ ಕಾಲಿಡೂದು ದೇವರಿಗೆ ಸೇರಂಗಿಲ್ಲ" ಎಂದುಬಿಟ್ಟ. ಎಲ್ಲರ ಕಣ್ಣೂ ದೊಡ್ಡವ್ವನ ಕುಪ್ಪಸದ ತೋಳಿನ ಮೇಲೆ. ಅವಳು ಸೆರಗು ಎಳೆದು ಮುಚ್ಚಿಕೊಂಡಳು. ದೊಡ್ಡಪ್ಪ ಎದ್ದ.

"ದಾನಿಯೇಲಾ, ನನ್ನ ಮನಿ ನಿನಗ ಗೊತ್ತಿತ್ತು. ಗ್ವಾಡಿ ಆಚೀಕಿನ ಐತಿ. ಒಬ್ಬಾವನ ಬಂದು ಹೇಳಿದ್ರ ನಾ ಏನ್ ನಿನ್ನ ಕಡೀತಿದ್ನೇನು?"

ಹೆಂಡತಿಯ ಕೈ ಹಿಡಿದು ಹೊರಗೆ ನಡೆದ. ನನಗೆ ನಾಚಿಕೆಯಿಂದ ನೆಲ ಬಾಯ್ಬಿಡಬಾರದೇ ಎನಿಸಿತು. ಯಾಕೆಂದರೆ ಸಹೋದರ ತಪ್ಪಿದರೆ ಮೊದಲು ಒಬ್ಬನೇ ಹೋಗಿ ಹೇಳು, ಕೇಳದಿದ್ದರೆ ಇನ್ನಿಬ್ಬರನ್ನು ಕರೆದುಕೊಂಡು ಹೋಗು, ಅದಕ್ಕೂ ಬಗ್ಗದಿದ್ದರೆ ಮಾತ್ರ ಸಭೆಗೆ ತಿಳಿಸು ಎಂಬ ಪಾಠವನ್ನು ನಮಗೆ ರವಿವಾರದ ಶಾಲೆಯಲ್ಲಿ ಬಾಯಿಪಾಠ ಮಾಡಿಸಿದವನೇ ಅಪ್ಪ. ಮೆಟ್ಟಿಲುಗಳನ್ನು ಕಲಿಸಿ ತಾನು ಮಾತ್ರ ನೇರ ಮಾಳಿಗೆಗೆ ಜಿಗಿದಿದ್ದ.

ಬೇರೆ ಮನೆಗಳಲ್ಲಿ ಜಗಳವಾದರೆ ಬೈಗುಳ ಹಾರುತ್ತವೆ. ನಮ್ಮಲ್ಲಿ ಬೈಬಲಿನ ವಾಕ್ಯಗಳು ಹಾರಿದವು. ಅವನ್ನು ಹೊತ್ತು ಓಡಾಡಲು ನಾನು ಮತ್ತು ಸಾರಾ ಇದ್ದೆವು. "ಮೊದಲ ತನ್ನ ಕಣ್ಣಾಗಿನ ತೊಲಿ ತಗೀ ಅಂತ ನಿಮ್ಮಪ್ಪಗ ಹೇಳು" ಎನ್ನುವನು ದೊಡ್ಡಪ್ಪ. "ಪಶ್ಚಾತ್ತಾಪ ಇಲ್ಲದ ಕ್ಷಮಾ ಇಲ್ಲ ಅಂತ ನಿಮ್ಮ ದೊಡ್ಡಪ್ಪಗ ಹೇಳು" ಎನ್ನುವನು ಅಪ್ಪ. ಬೈಗುಳವಾಗಿದ್ದರೆ ಎಂದೋ ಮರೆಯಬಹುದಿತ್ತು. ದೇವರ ಮಾತಿನಿಂದ ಹೊಡೆದ ಪೆಟ್ಟಿಗೆ ಮುಲಾಮು ಎಲ್ಲಿಂದ ತರುವುದು? ಕಡೆಗೆ ಖಾತೂನಬಿಯೇ ಅಳುತ್ತ ಬಂದು, "ನಾ ಕಟ್ಟಿದ್ದು ನಾನ ಬಿಚ್ಚತೀನ್ರೀ, ನೀವು ಅಣ್ಣತಮ್ಮ ಮಾತಾಡ್ರಿ" ಎಂದು ತಾಯತ ಬಿಚ್ಚಿಕೊಂಡು ಹೋದಳು. ತಾಯತ ಹೋಯಿತು, ಜಗಳ ಉಳಿಯಿತು.

ಆ ಹೊತ್ತಿಗೆ ಅಜ್ಜಿಯ ಕಾಲು ಬಾತು, ಮಾತಿಗೆ ಉಸಿರು ಸಾಲದಂತಾಗಿತ್ತು. ಗದಗಿನ ಡಾಕ್ಟರು ಹೃದಯ ದಣಿದಿದೆ, ಮಳೆಗಾಲ ಕಾಣುವುದು ಕಷ್ಟ ಎಂದರು. ಅದನ್ನು ಅವಳಿಂದ ಮುಚ್ಚಿಡಲು ಯಾರಿಗೂ ಆಗಲಿಲ್ಲ. ಈಸ್ಟರ್ ಹತ್ತಿರ ಬಂದಾಗ ತನ್ನ ಇಬ್ಬರು ಮಕ್ಕಳನ್ನೂ ಮಂಚದ ಬಳಿ ಕರೆಸಿದಳು.

"ನಾ ಭಾಳ ಬೇಡೂದಿಲ್ಲ. ಇದು ನನ್ನ ಕಡೀ ಭೋಜನ. ನೀವಿಬ್ರೂ ಜೋಡೀಲೆ ಮೊಣಕಾಲೂರ್ರಿ, ನಡಕ ನಾ ಕುಂದ್ರತೀನಿ."

"ಅಂವ ಸಭಾದಾಗ ಅಂದದ್ದು ಸಭಾದಾಗ ವಾಪಸ್ ತಗೊಳ್ಳಲಿ" ಎಂದ ದೊಡ್ಡಪ್ಪ.

"ಅಂವ ಮಾಡಿದ್ದು ತಪ್ಪಂತ ಮೊದಲ ಒಪ್ಪಿಕೊಳ್ಳಲಿ" ಎಂದ ಅಪ್ಪ.

"ಇಬ್ಬರದೂ ಖರೇ ಐತಿ. ಆ ಖರೇ ಕಟಗೊಂಡು ಕುಂದರ್ರಿ ಹಂಗಾರ" ಎಂದು ಅಜ್ಜಿ ಗೋಡೆಯ ಕಡೆ ಹೊರಳಿದಳು.

ಆದರೂ ಶನಿವಾರ ಸಂಜೆ ಅವ್ವನಿಂದ ದ್ರಾಕ್ಷಿ ನೆನೆಹಾಕಿಸಿದಳು. ಹಿಟ್ಟಿನ ಡಬ್ಬಿಯನ್ನು ಮಂಚದ ಹತ್ತಿರ ತರಿಸಿಕೊಂಡಳು. ಅಪ್ಪ ಎರಡು ಸಲ ಒಳಗೆ ಬಂದು ಡಬ್ಬಿ ನೋಡಿ ಹೊರಗೆ ಹೋದ. ಮೂರನೆಯ ಸಲ ಚಪ್ಪಲಿ ಮೆಟ್ಟಿದ. ನಾನು ಹಿಂದೆಯೇ ಹೋದೆ. ಅಂದು ನನಗಾದ ಸಂತೋಷವನ್ನು ಏನೆಂದು ಹೇಳಲಿ! ಸಾರಾಳ ಜೊತೆ ಮತ್ತೆ ಕುಂಟಾಟ ಆಡಬಹುದು ಎಂದಷ್ಟೇ ಅಲ್ಲ, ಅಪ್ಪ ದೊಡ್ಡವನಾಗಿ ಕಂಡ.

ದೊಡ್ಡಪ್ಪನ ಬಾಗಿಲು ಅರೆ ಮುಚ್ಚಿತ್ತು. ಒಳಗೆ ಅವನು ಗಟ್ಟಿಯಾಗಿ ಪ್ರಾರ್ಥನೆ ಮಾಡುತ್ತಿದ್ದ.

"ಕರ್ತನೇ, ನನ್ನ ತಮ್ಮನ ಕಲ್ಲಿನಂಥಾ ಎದಿ ಕರಗಿಸು. ಸೊಕ್ಕಿನ್ಯಾಗ ದಾರಿ ತಪ್ಯಾನ. ಅವನ್ನ ನನ್ನ ಬಾಗಿಲಿಗೆ ಕರಕೊಂಡು ಬಾ."

ಬಾಗಿಲು ತಟ್ಟಲು ಎತ್ತಿದ್ದ ಕೈಯನ್ನು ಅಪ್ಪ ಕೆಳಗಿಳಿಸಿದ. "ಕೇಳಿದೇನು? ಕಲ್ಲಿನ ಎದಿ ನಂದಂತ. ಸೊಕ್ಕು ನಂದಂತ" ಎಂದು ನನಗೆ ಪಿಸುಗುಟ್ಟಿ ತಿರುಗಿದ. "ಅಪ್ಪಾ, ದೊಡ್ಡಪ್ಪ ಅಳಾಕತ್ತಾನ" ಎಂದೆ. ಖರೇ ಹೇಳುತ್ತೇನೆ, ಅವನು ಬಿಕ್ಕುತ್ತಿದ್ದ. ಅಪ್ಪನಿಗೆ ಬರೀ ಮಾತು ಕೇಳಿಸಿತ್ತು, ಅಳು ಕೇಳಿಸಿರಲಿಲ್ಲ. ಒಳಗಿದ್ದವನು ಬೇಡಿದ್ದು ಹೊಸ್ತಿಲವರೆಗೆ ನಡೆದು ಬಂದು ಹಾಗೆಯೇ ಹಿಂದಿರುಗಿತು. ಅದು ಅವನಿಗೆ ತಿಳಿಯಲೂ ಇಲ್ಲ.

ನಾವು ಇಷ್ಟು ಬೇಗ ಮರಳಿದ್ದು ನೋಡಿ ಅಜ್ಜಿ, "ಡಬ್ಬಿ ಒಳಗಿಡವಾ" ಎಂದು ಅವ್ವನಿಗೆ ಹೇಳಿದಳು.

ಈಸ್ಟರಿಗೆ ಬಂದ ಸಭಾಪಾಲಕರು ರೊಟ್ಟಿಯಿಲ್ಲದ ಮೇಜು ನೋಡಿ ತಬ್ಬಿಬ್ಬಾದರು. ಹಾಡಿದೆವು, ಅವರ ಪ್ರಸಂಗ ಕೇಳಿದೆವು, ಎದ್ದು ಬಂದೆವು. ಮಧ್ಯಾಹ್ನ ಅವರು ಮನೆಗೆ ಬಂದು ಮಂಚದ ಪಕ್ಕ ಕುಳಿತರು.

"ಅಮ್ಮಾರ, ನಾ ಇಲ್ಲೇ ಭೋಜನ ಕೊಡ್ತೀನ್ರಿ. ದೇವರು ನಿಮ್ಮ ಮನಸ್ಸು ಬಲ್ಲ."

"ಬಲ್ಲ, ಅದಕ್ಕ ಬ್ಯಾಡ ಅಂತೀನ್ರಿ ಅಯ್ಯಾರ. ಸಿಟ್ಟು ಇಟಗೊಂಡು ತಗೋಬ್ಯಾಡ್ರಿ ಅಂತ ಊರ ಮಂದೀಗೆಲ್ಲಾ ಅಂದಾಕಿ, ನನ್ನ ಹೊಟ್ಟ್ಯಾಗ ಹುಟ್ಟಿದವ್ರು ಕೂಡಲಾರದಾಗ ಹ್ಯಾಂಗ ತಗೊಳ್ಳಲಿ?"

ಅವರು ಅವಳ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ ಎದ್ದರು. ನೆನೆದ ದ್ರಾಕ್ಷಿ ಕೆಡುತ್ತದೆಂದು ಅವ್ವ ಬಟ್ಟಲಿಗೆ ಹಾಕಿ ನನಗೆ ಕೊಟ್ಟಳು. ಬಲು ಸಿಹಿಯಾಗಿದ್ದವು, ಪೂರಾ ತಿಂದೆ.

ಮಳೆ ಬೀಳುವ ಮುಂಚೆ ಅಜ್ಜಿ ಹೋದಳು. ಇನ್ನು ಅಪ್ಪ ದೊಡ್ಡಪ್ಪ ಅಪ್ಪಿಕೊಂಡು ಅಳುತ್ತಾರೆ, ಸಾವು ಎಂಥವರನ್ನೂ ಕೂಡಿಸುತ್ತದೆ ಎಂದು ಅವ್ವ ದೊಡ್ಡವ್ವನಿಗೆ ಹೇಳಿದ್ದು ಕೇಳಿಸಿಕೊಂಡು ನಾನು ಕಾಯುತ್ತಿದ್ದೆ. ಇಬ್ಬರೂ ಹೆಗಲು ಕೊಟ್ಟರು, ಇಬ್ಬರೂ ಮಣ್ಣು ಹಾಕಿದರು, ಬೇರೆ ಬೇರೆ ದಾರಿಯಿಂದ ಮನೆಗೆ ಬಂದರು. ಮುಂದಿನ ತಿಂಗಳು ಸಭಾಪಾಲಕರು ರೊಟ್ಟಿಯ ಬದಲು ಗದಗಿನಿಂದ ಪೊಟ್ಟಣದಲ್ಲಿ ತೆಳ್ಳನೆಯ ಬಿಳಿ ಬಿಲ್ಲೆಗಳನ್ನು ತಂದರು. ಅಪ್ಪ ಈ ತುದಿಯಲ್ಲಿ, ದೊಡ್ಡಪ್ಪ ಆ ತುದಿಯಲ್ಲಿ ಮೊಣಕಾಲೂರಿ ತೆಗೆದುಕೊಂಡರು. ಯಾರ ಮೇಲಾದರೂ ಸಿಟ್ಟಿದೆಯೇ ಎಂದು ಯಾರೂ ಕೇಳಲಿಲ್ಲ. ಸದ್ಯ ಸುಸೂತ್ರವಾಯಿತಲ್ಲ ಎಂದು ಸಭೆ ಉಸಿರು ಬಿಟ್ಟಿತು. ಅಜ್ಜಿ ಅಂದು ಎರಡನೆಯ ಸಲ ಸತ್ತಳು ಎಂದು ನನಗೆ ಇಂದಿಗೂ ಅನಿಸುತ್ತದೆ.

ಆಮೇಲೆ ದೊಡ್ಡಪ್ಪನ ಮಕ್ಕಳು ಬೇರೆ ಪ್ರಾರ್ಥನಾ ಮಂದಿರ ಕಟ್ಟಿಕೊಂಡರು. ಹೋದ ವರ್ಷ ದೊಡ್ಡಪ್ಪನಿಗೆ ಲಕ್ವಾ ಹೊಡೆದು ಮಾತು, ಗುರುತು ಎರಡೂ ಹೋದವು. ಆಗ ಅಪ್ಪ ಹೋದ. ಅವನ ಕೈ ಹಿಡಿದು, "ಅಣ್ಣಾ, ತಪ್ಪಾತು" ಎಂದನಂತೆ. ದೊಡ್ಡಪ್ಪ ಫ್ಯಾನು ನೋಡುತ್ತಿದ್ದನಂತೆ. ದೊಡ್ಡಪ್ಪ ಏನಂದ ಎಂದು ನಾನು ಕೇಳಿದೆ. "ಏನೂ ಅನ್ನಲಿಲ್ಲ" ಎಂದ ಅಪ್ಪ. ಅದೇ ವಾರ ದೊಡ್ಡಪ್ಪ ತೀರಿಕೊಂಡ.

ಈಗ ನಮ್ಮೂರಲ್ಲಿ ಎರಡು ಸಭೆ, ಎರಡಕ್ಕೂ ದೊಡ್ಡ ದೊಡ್ಡ ಸೌಂಡ್ ಬಾಕ್ಸು. ದಿನಾ ಬೆಳಗಾದರೆ ಮೊಬೈಲಿಗೆ ಹೂವಿನ ಚಿತ್ರದ ಜೊತೆ ಒಂದೊಂದು ವಾಕ್ಯ ಬಂದು ಬೀಳುತ್ತದೆ. ಕರ್ತನ ಭೋಜನ ಒಂದು ತಿಂಗಳೂ ತಪ್ಪುವುದಿಲ್ಲ. ಸಮಾಧಾನದಿಂದ ಇರುವವರು ಮುಂದೆ ಬನ್ನಿ ಎಂದು ಸಭಾಪಾಲಕರು ಓದುತ್ತಾರೆ, ಎಲ್ಲರೂ ಏಳುತ್ತೇವೆ. ಶನಿವಾರ ಯಾರೂ ಬಂದು ಬಾಗಿಲಲ್ಲಿ ನಿಲ್ಲುವುದಿಲ್ಲ. ನಿಂತು ಕೇಳಿದರೆ ಮರುದಿನ ಆ ಮೇಜಿನ ಮುಂದೆ ಯಾರು ಉಳಿಯುತ್ತಾರೋ ಕಾಣೆ. ಸಾರಾ ಅದೇ ಊರಲ್ಲಿ ಇನ್ನೊಂದು ಸಭೆಯಲ್ಲಿ ಮೊಣಕಾಲೂರುತ್ತಾಳೆ. ಅವಳಿಗೆ ಒಬ್ಬ ಮಗಳಿದ್ದಾಳೆ, ಹೆಸರೇನೆಂದು ನನಗೆ ಗೊತ್ತಿಲ್ಲ.